ಕಾರ್ಡಿನಲ್ಲಿ ಕಾಣೆಯಾಗುತ್ತಿದ್ದ ರಾಕ್ಷಸ

ಬೋರ್ಡ್ ಗೇಮ್ ಒಂದಕ್ಕೆ ರಾತ್ರಿಯ ಕಾಡಿನಲ್ಲಿ ನಿಂತ ರಾಕ್ಷಸನ ಚಿತ್ರ ಬರೆಯುತ್ತಿದ್ದೆ. ಪರದೆಯ ಮೇಲೆ ಸೊಗಸಾಗಿತ್ತು. 63×88 ಮಿ.ಮೀ. ಕಾರ್ಡಿಗೆ ಇಳಿಸಿ ಪ್ರಿಂಟ್ ತೆಗೆದರೆ ರಾಕ್ಷಸನೂ ಮರಗಳೂ ಸೇರಿ ಒಂದೇ ಕಪ್ಪು ಮುದ್ದೆ. ಮೇಜಿನ ಆಚೆ ಕೂತವರಿಗಂತೂ ಏನೂ ಕಾಣದು.

ಬಣ್ಣವನ್ನೆಲ್ಲ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿದೆ. ಕೆಂಪು ಮೈ, ಹಸಿರು ಎಲೆ ಎರಡರ ಗಾಢತೆಯೂ ಒಂದೇ! ಪರಿಹಾರ ಹೊಳೆದದ್ದು ಮೈಸೂರು ಗಂಜೀಫಾ, ಅಂದರೆ ಕೈಯಲ್ಲೇ ಚಿತ್ರ ಬರೆದ ಸಾಂಪ್ರದಾಯಿಕ ಇಸ್ಪೀಟೆಲೆಗಳನ್ನು ನೋಡುವಾಗ. ದಶಾವತಾರ ಗಂಜೀಫಾದಲ್ಲಿ 10 ಪಂಗಡ, ತಲಾ 12ರಂತೆ 120 ಎಲೆ. ಅಷ್ಟು ಪುಟ್ಟ ಎಲೆಯಲ್ಲೂ ಆಕೃತಿ ಥಟ್ಟನೆ ಗುರುತಾಗುವುದು ಹಿಂದಿರುವ ಒಂದೇ ಬಣ್ಣದ ನೆಲದಿಂದ. ಆ ಚಿತ್ರಗಾರರ ಸಂಯಮಕ್ಕೆ ಕೈಮುಗಿಯಬೇಕು.

ರಾಕ್ಷಸನ ಹಿಂದಿನ ಮರಗಳನ್ನು ತೆಗೆದು ತಿಳಿ ಮಂಜು ತುಂಬಿದೆ. ಗಾಢ, ನಡು, ತಿಳಿ ಎಂಬ ಮೂರೇ ಛಾಯೆಯಲ್ಲಿ ಪುಟಾಣಿ ಕರಡುಗಳನ್ನು ಮಾಡಿ, ಕೊಂಬು ಸ್ಪಷ್ಟವಾಗಿ ಎದ್ದು ಕಾಣುವುದನ್ನು ಆರಿಸಿಕೊಂಡೆ. ಆಮೇಲಷ್ಟೇ ಬಣ್ಣ, ಅದನ್ನೂ ಸಿಎಂವೈಕೆಯಲ್ಲಿ (ಮುದ್ರಣದ ನಾಲ್ಕು ಶಾಯಿಗಳ ಬಣ್ಣಪದ್ಧತಿ) ಪರೀಕ್ಷಿಸಿ; ಪರದೆಯಲ್ಲಿ ಹೊಳೆಯುವ ನೀಲಿ ಕಾಗದದ ಮೇಲೆ ಮಂಕಾಗುತ್ತದೆ. ಇಂಚಿಗೆ 300 ಚುಕ್ಕೆಗಳ ಸ್ಪಷ್ಟತೆ (300 ಡಿಪಿಐ), ಸುತ್ತ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸುವಾಗ ಬಿಳಿ ಅಂಚು ಉಳಿಯದಂತೆ ಹೊರಗೂ ಚಾಚಿದ ಚಿತ್ರ. ಈಗ ಪ್ರತಿ ಕರಡನ್ನೂ ಕಾರ್ಡಿನ ಅಳತೆಯಲ್ಲೇ ಪ್ರಿಂಟ್ ತೆಗೆದು, ತೋಳಿನಳತೆ ದೂರದಿಂದ ನೋಡಿದ ಮೇಲೆಯೇ ಮುಂದಿನ ಕೆಲಸ.