ಸವೆದ ಹಲ್ಲೋ, ಅರ ಹಾಕಿದ ಹಲ್ಲೋ? ಪಿಲ್ಟ್‌ಡೌನ್ ದವಡೆ ಕಲಿಸುವ ಪರೀಕ್ಷೆ

ನಾನು ಹಲ್ಲಿನ ಡಾಕ್ಟರು. ಮೊದಲ ವರ್ಷದ ಬಿಡಿಎಸ್ ಮಕ್ಕಳಿಗೆ ಹಲ್ಲಿನ ರಚನೆ ಪಾಠ ಮಾಡುವಾಗ ಪಿಲ್ಟ್‌ಡೌನ್ ಮನುಷ್ಯನ ಕಥೆ ಹೇಳದೆ ಬಿಡುವುದಿಲ್ಲ. ಬೇರೆಬೇರೆ ಮೂಳೆ ಕೂಡಿಸಿ ಆದಿಮಾನವನದೆಂದು ನಂಬಿಸಿದ ಆ ಮೋಸದ ದೊಡ್ಡ ಸಾಕ್ಷಿ ಹಲ್ಲಿನಲ್ಲೇ ಇತ್ತು. ಅದನ್ನು ಓದುವ ಕ್ರಮವನ್ನು ಹೈಸ್ಕೂಲಿನ ಮಕ್ಕಳೂ ಕಲಿಯಬಹುದು.

1912ರ ಡಿಸೆಂಬರ್ 18ರಂದು ಲಂಡನ್ನಿನ ಜಿಯಾಲಜಿಕಲ್ ಸೊಸೈಟಿಯಲ್ಲಿ ವಕೀಲ ಚಾರ್ಲ್ಸ್ ಡಾಸನ್ ಮತ್ತು ಬ್ರಿಟಿಷ್ ಮ್ಯೂಸಿಯಮ್ಮಿನ ಆರ್ಥರ್ ಸ್ಮಿತ್ ವುಡ್‌ವರ್ಡ್ ಕೆಲವು ಮೂಳೆ ತೋರಿಸಿದರು. ಸಸೆಕ್ಸಿನ ಪಿಲ್ಟ್‌ಡೌನ್ ಎಂಬಲ್ಲಿ ಜಲ್ಲಿ ತೆಗೆಯುವ ಗುಂಡಿಯಲ್ಲಿ ಸಿಕ್ಕಿದ ಆದಿಮಾನವನದ್ದು ಎಂದರು. ಬುರುಡೆಯ ಚೂರುಗಳು ಮನುಷ್ಯನದ್ದೇ. ಕೆಳದವಡೆ ಮಾತ್ರ ಒರಾಂಗುಟಾನ್ ಎಂಬ ವಾನರನದು, ಅದು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಬುರುಡೆಗೆ ಕೂಡುವ ಕೀಲಿನ ತುದಿ ಮುರಿದಿದ್ದರಿಂದ ಎರಡನ್ನೂ ಜೋಡಿಸಿ ನೋಡುವ ದಾರಿ ಇರಲಿಲ್ಲ. ವಾನರರಿಗೆ ಉದ್ದನೆಯ ಕೋರೆಹಲ್ಲು ಅಡ್ಡ ಬರುವುದರಿಂದ ದವಡೆಹಲ್ಲು ನಮ್ಮ ಹಾಗೆ ಚಪ್ಪಟೆಯಾಗಿ ಸವೆಯುವುದಿಲ್ಲ. ಈ ದವಡೆಯಲ್ಲಿ ಉಳಿದಿದ್ದ ಎರಡು ಹಲ್ಲು ಚಪ್ಪಟೆಯಾಗಿದ್ದವು. ಪಂಡಿತರು ಮನುಷ್ಯನದೆಂದು ನಂಬಿದ್ದು ಮುಖ್ಯವಾಗಿ ಅದನ್ನು ನೋಡಿ.

ಪರೀಕ್ಷೆಗೆ ಮಟನ್ ಅಂಗಡಿಯಿಂದ ಬಾಯಿಗೂಡಿದ, ಅಂದರೆ ಶಾಶ್ವತ ಹಲ್ಲೆಲ್ಲ ಬಂದ, ಕುರಿಯ ಕೆಳದವಡೆ ತನ್ನಿ, ಎಡಭಾಗ ಬಲಭಾಗ ಎರಡೂ ಇರಲಿ. ಮಾಂಸ ಬಿಡುವವರೆಗೆ ಬೇಯಿಸಿ, ಬ್ರಷ್‌ನಿಂದ ಉಜ್ಜಿ, ನೆರಳಲ್ಲಿ ಒಣಗಿಸಿ. ಜೊತೆಗೆ ಭೂತಗನ್ನಡಿ, ಟಾರ್ಚ್ ಮತ್ತು ಕಬ್ಬಿಣ ಉಜ್ಜುವ ಸಣ್ಣ ಅರ ಇದ್ದರೆ ಸಾಕು.

ಮೊದಲು ಒಂದು ಭಾಗವನ್ನು ಹಾಗೇ ನೋಡಿ. ಟಾರ್ಚನ್ನು ನೆತ್ತಿಯ ಮೇಲಿಂದ ಹಿಡಿಯಬೇಡಿ, ಪಕ್ಕದಿಂದ ಓರೆಯಾಗಿ ಬಿಡಿ; ಆಗ ಏರುತಗ್ಗು ಎದ್ದು ಕಾಣುತ್ತದೆ. ಬಿಳಿಯ ಎನಾಮೆಲ್ ಗಟ್ಟಿ, ಅದರ ಅಂಚು ಏಣಿನಂತೆ ಮೇಲೆದ್ದಿರುತ್ತದೆ. ನಡುವಿನ ಡೆಂಟಿನ್ ಮೆತ್ತಗಿನದು, ಬೇಗ ಸವೆದು ಕುಳಿ ಬಿದ್ದಿರುತ್ತದೆ. ಉಗುರು ಎಳೆದರೂ ಆ ತಗ್ಗು ಕೈಗೆ ತಿಳಿಯುತ್ತದೆ. ವರ್ಷಗಟ್ಟಲೆ ಅಗಿದ ಹಲ್ಲಿನ ಗುರುತು ಇದು.

ಈಗ ಇನ್ನೊಂದು ಭಾಗದ ಎರಡು ಹಲ್ಲಿಗೆ ಅರ ಹಾಕಿ. ಮೂಗಿಗೆ ಮಾಸ್ಕ್ ಇರಲಿ, ಆ ಪುಡಿ ಒಳಗೆ ಹೋಗಬಾರದು. ಗಟ್ಟಿ, ಮೆತ್ತನೆ ಎಂಬ ಭೇದ ಅರಕ್ಕೆ ಗೊತ್ತಿಲ್ಲ: ಎನಾಮೆಲ್, ಡೆಂಟಿನ್ ಎರಡೂ ಒಂದೇ ಮಟ್ಟಕ್ಕೆ ಬರುತ್ತವೆ, ಅಂಚು ಹರಿತವಾಗುತ್ತದೆ, ಭೂತಗನ್ನಡಿಯಲ್ಲಿ ಗೀರುಗಳು ಸಾಲುಸಾಲಾಗಿ ಕಾಣುತ್ತವೆ. ಅಕ್ಕಪಕ್ಕದ ಹಲ್ಲುಗಳನ್ನು ಒಂದೇ ಓರೆಗೆ ತರುವುದೂ ಕಷ್ಟ. 1953ರಲ್ಲಿ ಅಂಗರಚನಾ ತಜ್ಞ ಲ ಗ್ರೋ ಕ್ಲಾರ್ಕ್ ಪಿಲ್ಟ್‌ಡೌನ್ ಹಲ್ಲುಗಳಲ್ಲಿ ಕಂಡದ್ದು ಇದನ್ನೇ. ಡೆಂಟಿನ್ ತಗ್ಗಾಗಿರಲಿಲ್ಲ, ಅಂಚು ಚೂಪಾಗಿತ್ತು, ಎರಡು ಹಲ್ಲಿನ ಮಟ್ಟ ಬೇರೆಬೇರೆ ಓರೆಯಲ್ಲಿತ್ತು, ಮೇಲೆ ಗೀರುಗಳಿದ್ದವು.

ಮೂರನೆಯದು ಹಲ್ಲಿನ ವಯಸ್ಸು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಹಲ್ಲು ನಿಧಾನವಾಗಿ ಸವೆದರೆ ಒಳಗಿನ ಟೊಳ್ಳಿನಲ್ಲಿರುವ ಪಲ್ಪ್ ಎಂಬ ಮೆತ್ತನೆಯ ತಿರುಳು ಹೊಸ ಡೆಂಟಿನ್ ಕಟ್ಟಿಕೊಂಡು ಹಿಂದೆ ಸರಿಯುತ್ತದೆ; ವಯಸ್ಸಾದವರ ಎಕ್ಸ್‌ರೇಯಲ್ಲಿ ಆ ಟೊಳ್ಳು ಕಿರಿದಾಗಿರುವುದನ್ನು ದಿನಾ ನೋಡುತ್ತೇವೆ. 1913ರಲ್ಲಿ ಅದೇ ಗುಂಡಿಯಲ್ಲಿ ಫ್ರೆಂಚ್ ಪಾದ್ರಿ ತೆಯ್ಯಾರ್ ದ ಶಾರ್ದನ್ ಕೈಗೆ ಒಂದು ಕೋರೆಹಲ್ಲು ಸಿಕ್ಕಿತು. ಮೇಲೆ ತುಂಬಾ ಸವೆತ, ಒಳಗೆ ಎಳೆ ಹಲ್ಲಿನಷ್ಟು ಅಗಲವಾದ ಟೊಳ್ಳು! ಇವೆರಡೂ ಹೊಂದುವುದಿಲ್ಲ ಎಂದು ದಂತವೈದ್ಯ ಕೋರ್ಟ್ನಿ ಲೈನ್ 1916ರಲ್ಲೇ ಎತ್ತಿ ತೋರಿಸಿದರು. ಆ ಮಾತನ್ನು ಯಾರೂ ಕಡೆಯವರೆಗೆ ಹಿಡಿದು ಹೋಗಲಿಲ್ಲ, ಇದು ನನಗೆ ಇಂದಿಗೂ ಸಂಕಟ. ಆದ್ದರಿಂದ ಯಾವ ಹಲ್ಲು ಕೈಗೆ ಬಂದರೂ ಮೇಲಿನ ಸವೆತ ಹೇಳುವ ವಯಸ್ಸನ್ನೂ ಒಳಗಿನ ಟೊಳ್ಳು ಹೇಳುವ ವಯಸ್ಸನ್ನೂ ತಾಳೆ ನೋಡಿ.

ಬಣ್ಣದ ಪರೀಕ್ಷೆ ಸುಲಭ. ದವಡೆಯ ಒಂದು ತುಂಡನ್ನು ಗಟ್ಟಿ ಟೀ ಡಿಕಾಕ್ಷನ್ನಿನಲ್ಲಿ ಎರಡು ದಿನ ನೆನೆಸಿ, ಒಣಗಿಸಿ, ಚೂರಿಯಿಂದ ಕೆರೆಯಿರಿ. ಕಂದು ಮೇಲಷ್ಟೇ, ಒಳಗೆ ಬಿಳಿ. ಪಿಲ್ಟ್‌ಡೌನ್ ದವಡೆಯ ಬಣ್ಣವೂ ಮೇಲುಮೇಲಿನದೇ. ಅದಕ್ಕೆ ಡ್ರಿಲ್ ಹಾಕಿದಾಗ ಹಸಿ ಮೂಳೆ ಕೊರೆದಂತೆ ಸುಟ್ಟ ವಾಸನೆ ಬಂತು. ಆ ವಾಸನೆ ನನ್ನ ಕ್ಲಿನಿಕ್ಕಿಗೆ ಬಂದ ಯಾರಿಗೂ ಹೊಸದಲ್ಲ.

ಅಚ್ಚು ನೋಡಿ ತೀರ್ಪು ಕೊಡಬೇಡಿ. ಪ್ಲಾಸ್ಟರ್ ಅಚ್ಚಿನಲ್ಲಿ ಆಕಾರ ಬರುತ್ತದೆ. ಬಣ್ಣದ ಆಳ, ತೂಕ, ಒಳಗಿನ ಟೊಳ್ಳು ಬರುವುದಿಲ್ಲ. ಪಿಲ್ಟ್‌ಡೌನ್ ಬಗ್ಗೆ ಬರೆದ ಎಷ್ಟೋ ವಿದ್ವಾಂಸರಿಗೆ ಸಿಕ್ಕಿದ್ದು ಅಚ್ಚು ಮಾತ್ರ. ಮೂಲ ವಸ್ತುವನ್ನು ಮತ್ತೆ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಲ್ಲಿನೊಳಗೆ ಸಣ್ಣ ಜಲ್ಲಿ ತುಂಬಿ, ನಾವು ಬಳಸುವಂಥ ಪುಟ್ಟಿಯಿಂದ ಬಾಯಿ ಮುಚ್ಚಿದ್ದು ಕಂಡಿತು. ಬೆರಳು ಡಾಸನ್ ಕಡೆಗೇ ತೋರುತ್ತದೆ. ಅವರು 1916ರಲ್ಲೇ ತೀರಿಕೊಂಡಿದ್ದರು.

ಪರೀಕ್ಷೆ ಮುಗಿದ ಮೇಲೆ ಕುರಿಯ ದವಡೆಗಳನ್ನು ಎಸೆಯಬೇಡಿ, ಮುಂದಿನ ತರಗತಿಗೆ ಆಗುತ್ತವೆ. ಯಾವುದಕ್ಕೆ ಅರ ಹಾಕಿದಿರಿ, ಯಾವುದಕ್ಕೆ ಬಣ್ಣ ಕೊಟ್ಟಿರಿ ಎಂದು ಮೂಳೆಯ ಮೇಲೇ ಅಳಿಸದ ಪೆನ್ನಿನಿಂದ ಬರೆದಿಡಿ. ಚೀಟಿ ಅಂಟಿಸಿದರೆ ಬಿದ್ದುಹೋಗುತ್ತದೆ.