ಮದ್ದು ಬಿತ್ತೋ ಇಲ್ಲವೋ: ತೋಟಾ ಪ್ರೆಸ್ಸಿಗೆ ಕ್ಯಾಮೆರಾ ಅಳವಡಿಸುವ ಬಗೆ

ಅಮೆರಿಕದಲ್ಲಿ ಪಿಸ್ತೂಲಿನ ಗುರಿ ಅಭ್ಯಾಸ ಮಾಡುವ ಹವ್ಯಾಸಿಗಳಲ್ಲಿ ಬಹಳ ಮಂದಿ ಹಾರಿಸಿದ ತೋಟಾದ ಹಿತ್ತಾಳೆ ಕೇಸನ್ನು ಬಿಸಾಡುವುದಿಲ್ಲ. ಆಯ್ದು ತಂದು, ಶುಚಿ ಮಾಡಿ, ಗ್ಯಾರೇಜಿನ ಬೆಂಚಿಗೆ ಬಿಗಿದ ಪ್ರೆಸ್ಸಿನಲ್ಲಿ ಹೊಸ ಪ್ರೈಮರ್ (ಏಟು ಬಿದ್ದಾಗ ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಟ್ಟಲು), ಹೊಸ ಮದ್ದು, ಹೊಸ ಗುಂಡು ಕೂರಿಸಿ ಮತ್ತೆ ಬಳಸುತ್ತಾರೆ. ಡಿಲ್ಲನ್, ಹಾರ್ನಡಿಯಂಥ ಕಂಪನಿಗಳ ಪ್ರೋಗ್ರೆಸಿವ್ ಪ್ರೆಸ್ಸಿನಲ್ಲಿ ಕೇಸುಗಳು ದುಂಡನೆಯ ತಟ್ಟೆಯ ಮೇಲೆ ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಸರಿಯುತ್ತವೆ. ಹಿಡಿಯನ್ನು ಒಮ್ಮೆ ಎಳೆದು ಬಿಟ್ಟರೆ ಎಲ್ಲ ಸ್ಟೇಷನ್ನುಗಳಲ್ಲೂ ಒಟ್ಟಿಗೇ ಕೆಲಸ ನಡೆದು, ಕೊನೆಯಲ್ಲಿ ಸಿದ್ಧ ತೋಟಾ ಒಂದು ಡಬ್ಬಿಗೆ ಬೀಳುತ್ತದೆ. ಗಂಟೆಗೆ 500 ಎಂದರೆ ಒಂದೊಂದಕ್ಕೆ ಸುಮಾರು ಏಳು ಸೆಕೆಂಡು. ಕೇಸಿನೊಳಗೆ ಇಣುಕಿ ಮದ್ದು ನೋಡುವ ಕೆಲಸವೂ ಆ ಏಳು ಸೆಕೆಂಡಿನಲ್ಲೇ ಮುಗಿಯಬೇಕು.

ಆ ಇಣುಕು ತಪ್ಪಿದರೆ ಆಗುವುದು ಸಣ್ಣ ಅನಾಹುತವಲ್ಲ. ಮದ್ದಿಲ್ಲದ ತೋಟಾ ಹಾರಿಸಿದರೆ ಪ್ರೈಮರ್ ಒಂದರ ಬಲಕ್ಕೇ ಗುಂಡು ನಳಿಗೆಯೊಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಇದನ್ನು ಸ್ಕ್ವಿಬ್ ಎನ್ನುತ್ತಾರೆ. ಸದ್ದು ಸಣ್ಣದು, ಹಿನ್ನೊದೆತ ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ಗಮನಿಸದೆ ಮುಂದಿನದನ್ನು ಹಾರಿಸಿದರೆ ನಳಿಗೆ ಉಬ್ಬುತ್ತದೆ, ಸಿಡಿಯಲೂಬಹುದು. ಎರಡು ಪಾಲು ಮದ್ದು ಬಿದ್ದರೆ ಅಪಾಯ ಇನ್ನೂ ಹೆಚ್ಚು. ಬೇಗ ಉರಿಯುವ ಪಿಸ್ತೂಲು ಮದ್ದು ಹಲವು ಕೇಸುಗಳಲ್ಲಿ ಅರ್ಧವನ್ನೂ ತುಂಬುವುದಿಲ್ಲ; ಹಾಗಾಗಿ ಎರಡು ಪಾಲು ಬಿದ್ದರೂ ಅದು ಹೊರಗೆ ಚೆಲ್ಲದೆ ಒಳಗೇ ಉಳಿದುಬಿಡುತ್ತದೆ. ಈ ಎರಡು ತಪ್ಪುಗಳನ್ನು ಹಿಡಿಯುವುದೊಂದೇ ಕ್ಯಾಮೆರಾದ ಕೆಲಸ. ನಾಲ್ಕೈದು ಕ್ಯಾಮೆರಾ ಕಟ್ಟಿ ಪ್ರೆಸ್ಸಿನ ಮೂಲೆಮೂಲೆಯನ್ನೂ ಪರದೆಗೆ ತರುವವರಿದ್ದಾರೆ. ಹಾಗೆ ಮಾಡಿದರೆ ನೋಡಲೇಬೇಕಾದ ಒಂದು ಚಿತ್ರದಿಂದ ಕಣ್ಣು ಜಾರುತ್ತದೆ. ಮೊದಲು ಒಂದನ್ನು ಸರಿಯಾಗಿ ಕೂರಿಸಿ.

ಕಾನೂನಿನ ಮಾತು ಇಲ್ಲೇ ಹೇಳಿಬಿಡಬೇಕು. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಪರವಾನಗಿ ಬೇಕಿಲ್ಲ. ಮಾರುವ ವ್ಯಾಪಾರಕ್ಕೆ ಬೇಕು. ಆದರೆ ಎಚ್‌1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತೆಯೇ ಇಲ್ಲ. ಗ್ರೀನ್‌ ಕಾರ್ಡ್ ಪಡೆದವರಿಗೆ ಈ ನಿರ್ಬಂಧವಿಲ್ಲ. ಗೆಳೆಯರ ಜೊತೆ ರೇಂಜಿಗೆ ಹೋಗಿ ಬಂದು ಪ್ರೆಸ್ ಕೊಳ್ಳಲು ಹೊರಡುವ ನಮ್ಮವರು ಇದನ್ನು ಮೊದಲು ವಕೀಲರಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿಯೇ ಬೇರೆ, ತೋಟಾ ತಯಾರಿಕೆಯೇ ಬೇರೆ. ಮುಂದಿನದೆಲ್ಲ ಕಾನೂನು ಒಪ್ಪುವ ಜಾಗದಲ್ಲಿ, ಪ್ರೆಸ್ಸಿನ ಕೆಲಸ ಈಗಾಗಲೇ ಬಲ್ಲವರಿಗೆ.

ಹಂತ 1: ಎಲ್ಲಿ ನೋಡಬೇಕು?

ಮದ್ದು ಬಿದ್ದ ಮೇಲೆ, ಗುಂಡು ಇಡುವ ಮೊದಲು. ಐದು ಸ್ಟೇಷನ್ನಿನ ಪ್ರೆಸ್ಸಿನಲ್ಲಿ ಇದಕ್ಕೆ ಒಂದು ಜಾಗ ಸಿಗುತ್ತದೆ: ಮದ್ದಿನ ನಂತರದ ಸ್ಟೇಷನ್. ಕೆಲವರು ಅಲ್ಲಿ ಮದ್ದಿನ ಮಟ್ಟ ತಪ್ಪಿದರೆ ಬಝರ್ ಕೂಗುವ ಅಥವಾ ಪ್ರೆಸ್ಸನ್ನೇ ತಡೆದು ನಿಲ್ಲಿಸುವ ಡೈ (ಸ್ಟೇಷನ್ನಿನ ಮೇಲೆ ತಿರುಪಿ ಕೂರಿಸುವ ಸಲಕರಣೆ) ಹಾಕಿರುತ್ತಾರೆ. ಅದನ್ನು ತೆಗೆಯಬೇಡಿ. ಆ ಡೈ ಕೆಲಸ ಮಾಡುವುದು ತಟ್ಟೆ ಮೇಲೆ ಬಂದಾಗ, ಕ್ಯಾಮೆರಾ ನೋಡುವುದು ತಟ್ಟೆ ಕೆಳಗಿದ್ದಾಗ. ಎರಡೂ ಒಂದೇ ಸ್ಟೇಷನ್ನಿನಲ್ಲಿ ಹೊಂದಿಕೊಳ್ಳುತ್ತವೆ.

ಡಿಲ್ಲನ್ ಆರ್‌ಎಲ್ 550ರಲ್ಲಿ ನಾಲ್ಕೇ ಸ್ಟೇಷನ್, ಖಾಲಿ ಜಾಗ ಇಲ್ಲ. ಅದರ ತಟ್ಟೆಯನ್ನು ತಿರುಗಿಸುವುದೂ ಕೈಯಿಂದಲೇ. ತಿರುಗಿಸಲು ಮರೆತು ಹಿಡಿ ಎಳೆದರೆ ಅದೇ ಕೇಸಿಗೆ ಎರಡನೇ ಪಾಲು ಬೀಳುತ್ತದೆ. ಕ್ಯಾಮೆರಾದ ನೆರವು ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಈ ಬಗೆಯ ಪ್ರೆಸ್ಸಿಗೆ. ಇಲ್ಲಿ ಮೂರನೇ ಸ್ಟೇಷನ್ನಿಗೆ ಬಂದ ಕೇಸಿನ ಬಾಯಿ ಪರದೆಯಲ್ಲಿ ಕಾಣುವಂತೆ ಮಾಡಿ, ನೋಡಿದ ಮೇಲೆ ಗುಂಡು ಇಡಿ.

ಹಂತ 2: ಯಾವ ಕ್ಯಾಮೆರಾ?

ತಂತಿ ಇರುವ ಯುಎಸ್‌ಬಿ ಕ್ಯಾಮೆರಾ. ಪೈಪಿನೊಳಗೆ ಇಳಿಸಿ ನೋಡುವ ಎಂಡೋಸ್ಕೋಪ್ ಸಾಕು, ತುದಿಯಲ್ಲೇ ಎಲ್‌ಇಡಿ ಇರುತ್ತದೆ. ಅಗ್ಗದವುಗಳಲ್ಲಿ ಫೋಕಸ್ ಬದಲಿಸಲು ಬರುವುದಿಲ್ಲ, ಕೆಲವು ಸೆಂಟಿಮೀಟರ್ ದೂರದಲ್ಲಿ ಮಾತ್ರ ಚಿತ್ರ ಸ್ಪಷ್ಟ. ಆದ್ದರಿಂದ ಕ್ಯಾಮೆರಾ ಕೂರುವ ಜಾಗದಿಂದ ಕೇಸಿನ ಬಾಯಿಗೆ ಎಷ್ಟು ದೂರ ಎಂದು ಅಳೆದುಕೊಂಡೇ ಕೊಳ್ಳಿ. ವೈಫೈ ಕ್ಯಾಮೆರಾ ಬೇಡ. ಅದರ ಚಿತ್ರ ತಡವಾಗಿ ಬರುತ್ತದೆ. ಪರದೆಯಲ್ಲಿ ಹಿಂದಿನ ಕೇಸು ಕಾಣುತ್ತಿರುವಾಗ ಕೈ ಮುಂದಿನದಕ್ಕೆ ಗುಂಡು ಇಟ್ಟಿರುತ್ತದೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬಲ್ಲವರಿಗೆ 2023ರಲ್ಲಿ ಬಂದ ಕ್ಯಾಮೆರಾ ಮಾಡ್ಯೂಲ್ 3 ಇದೆ, ಆಟೋಫೋಕಸ್ ಉಂಟು. ಆದರೆ ಅದರ ಪಟ್ಟಿಯಂಥ ಕೇಬಲ್ ನಾಜೂಕು, ಅಲುಗುವ ಯಂತ್ರದ ಪಕ್ಕದಲ್ಲಿ ಬಾಳಿಕೆ ಕಡಿಮೆ.

ಹಂತ 3: ಕೂರಿಸುವುದು

ಇಡೀ ಕೆಲಸದ ಜೀವಾಳ ಇದು. ಹಿಡಿ ಎಳೆದಾಗ ತಟ್ಟೆ ಮೇಲೇರುತ್ತದೆ, ಡೈಗಳನ್ನು ಹಿಡಿದ ಮೇಲ್ಭಾಗ ಅಲುಗದೆ ನಿಂತಿರುತ್ತದೆ. ಕ್ಯಾಮೆರಾವನ್ನು ಆ ಅಲುಗದ ಚೌಕಟ್ಟಿಗೆ, ಈಗಾಗಲೇ ಇರುವ ಬೋಲ್ಟೊಂದಕ್ಕೆ ಎಲ್ ಆಕಾರದ ಅಲ್ಯೂಮಿನಿಯಂ ಪಟ್ಟಿ ಸಿಕ್ಕಿಸಿ ಬಿಗಿಯಿರಿ. ಚೌಕಟ್ಟಿಗೆ ಹೊಸ ತೂತು ಕೊರೆಯಬೇಡಿ.

ಓರೆ ಎಷ್ಟಿರಬೇಕು ಎನ್ನುವುದನ್ನು ಕೇಸಿನ ಆಳ ತೀರ್ಮಾನಿಸುತ್ತದೆ. ನೇರ ಮೇಲಿನಿಂದ ನೋಡಿದರೆ ಮದ್ದು ಇದೆಯೋ ಇಲ್ಲವೋ ತಿಳಿಯುತ್ತದೆ, ಮಟ್ಟ ತಿಳಿಯುವುದಿಲ್ಲ. ಸ್ವಲ್ಪ ಓರೆಯಿಂದ ನೋಡಿದಾಗ ಒಳಗೋಡೆಯ ಮೇಲೆ ಮದ್ದಿನ ಅಂಚು ಗೆರೆಯಾಗಿ ಕಾಣುತ್ತದೆ. 9 ಮಿ.ಮೀ. ಲೂಗರ್ ಕೇಸಿನ ಉದ್ದ 19 ಮಿ.ಮೀ. ಚಿಲ್ಲರೆ, ಇದಕ್ಕೆ ಲಂಬದಿಂದ 30 ಡಿಗ್ರಿ ಓರೆಯಾದರೂ ನಡೆಯುತ್ತದೆ. .38 ಸ್ಪೆಷಲ್ ಹಾಗಲ್ಲ. ಅದು 19ನೇ ಶತಮಾನದ ಕೊನೆಯಲ್ಲಿ, ಹೆಚ್ಚು ಜಾಗ ಬೇಡುವ ಕಪ್ಪು ಮದ್ದಿನ ಕಾಲದಲ್ಲಿ ರೂಪುಗೊಂಡ ಕೇಸು. ಉದ್ದ 29 ಮಿ.ಮೀ., ಇಂದಿನ ಮದ್ದು ಅದರ ತಳದಲ್ಲಿ ಒಂದಿಷ್ಟೇ ಕೂರುತ್ತದೆ. ಓರೆ 20 ಡಿಗ್ರಿ ದಾಟಿದರೆ ಕಾಣುವುದು ಬರೀ ಗೋಡೆ. ಎರಡು ಪಾಲು ಬಿದ್ದರೂ ಸುಲಭವಾಗಿ ಅಡಗುವುದು ಇದರಲ್ಲೇ ಆದ್ದರಿಂದ ಕ್ಯಾಮೆರಾವನ್ನು ಆದಷ್ಟು ಲಂಬಕ್ಕೆ ತನ್ನಿ.

ಗುಂಡು ಇಡುವ ಕೈಗೆ ಏನೂ ಅಡ್ಡ ಬರಬಾರದು. ಪ್ರೈಮರ್, ಮದ್ದು ಎರಡನ್ನೂ ತೆಗೆದಿಟ್ಟು, ಖಾಲಿ ಕೇಸು ಹಾಕಿ ಹಿಡಿಯನ್ನು ನಿಧಾನವಾಗಿ ಪೂರ್ತಿ ಎಳೆದು ನೋಡಿ. ತಂತಿ ಎಲ್ಲೂ ಉಜ್ಜಬಾರದು, ಸಿಕ್ಕಬಾರದು.

ಹಂತ 4: ಬೆಳಕು

ಹೊಳೆಯುವ ಹಿತ್ತಾಳೆಗೆ ನೇರ ಎಲ್‌ಇಡಿ ಬಿದ್ದರೆ ಕೇಸಿನ ಬಾಯಿಯ ಸುತ್ತ ಬಿಳಿ ಉಂಗುರ ಕಾಣುತ್ತದೆ, ಒಳಗೆಲ್ಲ ಕತ್ತಲು. ಕ್ಯಾಮೆರಾದ ದೀಪವನ್ನು ಆದಷ್ಟು ತಗ್ಗಿಸಿ, ಡೈಗಳನ್ನು ಹಿಡಿದ ಮೇಲ್ಭಾಗದ ತಳಕ್ಕೆ 5 ವೋಲ್ಟಿನ ಸಣ್ಣ ಎಲ್‌ಇಡಿ ಪಟ್ಟಿ ಅಂಟಿಸಿ, ಮೇಲೆ ಮಂಜುಬಣ್ಣದ ಟೇಪ್ ಹಾಕಿ. ಬೆಳಕು ಹರಡಿದರೆ ಕಡುಬಣ್ಣದ ಮದ್ದಿನ ಕಾಳುಗಳು ಬಿಡಿಬಿಡಿಯಾಗಿ ಕಾಣತೊಡಗುತ್ತವೆ.

ವಿದ್ಯುತ್ತಿನ ವಿಷಯದಲ್ಲಿ ರಾಜಿ ಬೇಡ. ಹೊಗೆರಹಿತ ಮದ್ದು ಕಿಡಿಗೆ ಹತ್ತಿಕೊಳ್ಳುವ ವಸ್ತು, ಪ್ರೈಮರ್ ಏಟಿಗೂ ಕಿಡಿಗೂ ಸಿಡಿಯುತ್ತದೆ. ಅಡಾಪ್ಟರ್, ಪವರ್ ಬ್ಯಾಂಕ್, ಕೀಲು ಸಡಿಲವಾದ ಪ್ಲಗ್ ಯಾವುದೂ ಮದ್ದಿನ ಡಬ್ಬಿಯ ಹತ್ತಿರ ಇರಕೂಡದು. ಬೆಂಚಿನ ಹೊರಗೆ ಇಟ್ಟು ಉದ್ದ ತಂತಿ ಎಳೆಯಿರಿ. ಬೆಸುಗೆ ಹಾಕುವುದಿದ್ದರೆ ಬೇರೆ ಕೋಣೆಯಲ್ಲಿ.

ಹಂತ 5: ಪರದೆ

ಏಳು ಇಂಚಿನ ಪರದೆ ಸಾಕು. ಗುಂಡು ಇಡುವ ಕೈಯ ಹಿಂದೆಯೇ, ಕಣ್ಣಿನ ಮಟ್ಟದಲ್ಲಿ ಇರಲಿ. ತಲೆ ತಿರುಗಿಸಿ ನೋಡಬೇಕಾದ ಪರದೆಯನ್ನು ಅರ್ಧ ಗಂಟೆಯ ಮೇಲೆ ಯಾರೂ ನೋಡುವುದಿಲ್ಲ. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಆಟೋ ಎಕ್ಸ್‌ಪೋಷರ್, ಆಟೋ ಫೋಕಸ್ ಎರಡನ್ನೂ ನಿಲ್ಲಿಸಿ, ಒಮ್ಮೆ ಹೊಂದಿಸಿದ್ದನ್ನು ಹಾಗೇ ಬಿಡಿ. ಇಲ್ಲದಿದ್ದರೆ ತಟ್ಟೆ ಇಳಿದಾಗಲೆಲ್ಲ ಚಿತ್ರ ಬೆಳಗಿ ಮಂಕಾಗುತ್ತಾ, ಸ್ಪಷ್ಟವಾಗುವಷ್ಟರಲ್ಲಿ ಸಮಯ ಕಳೆದಿರುತ್ತದೆ.

ಹಂತ 6: ಗೆರೆ ಎಳೆಯುವುದು

ತಕ್ಕಡಿಯಲ್ಲಿ ತೂಗಿದ ಸರಿಯಾದ ಪಾಲಿನ ಕೇಸೊಂದನ್ನು ಸ್ಟೇಷನ್ನಿನಲ್ಲಿ ನಿಲ್ಲಿಸಿ, ಪರದೆಯ ಮೇಲೆ ಮದ್ದಿನ ಮಟ್ಟಕ್ಕೆ ಪಾರದರ್ಶಕ ಟೇಪ್ ಅಂಟಿಸಿ ಗೆರೆ ಹಾಕಿ. ಖಾಲಿ ಕೇಸು, ಎರಡು ಪಾಲಿನ ಕೇಸು ಹೇಗೆ ಕಾಣುತ್ತವೆ ಎಂದೂ ನೋಡಿಟ್ಟುಕೊಳ್ಳಿ. ನೋಡಿದ ಕೂಡಲೇ ಆ ಮದ್ದನ್ನು ಅದರದೇ ಡಬ್ಬಿಗೆ ಸುರಿದುಬಿಡಿ. ಮದ್ದು ಬದಲಾದರೆ, ಕೇಸು ಬದಲಾದರೆ ಗೆರೆಯೂ ಹೊಸದಾಗಬೇಕು.

ಮದ್ದನ್ನು ತೂಗುವುದು ಗ್ರೇನ್ ಲೆಕ್ಕದಲ್ಲಿ; ಒಂದು ಗ್ರೇನ್ ಎಂದರೆ ಸುಮಾರು 0.065 ಗ್ರಾಂ. ಅದರ ಹತ್ತನೇ ಒಂದು ಭಾಗದ ಏರುಪೇರು ಯಾವ ಕ್ಯಾಮೆರಾಕ್ಕೂ ಕಾಣದು. ಅದು ತಕ್ಕಡಿಯ ಕೆಲಸ, ಆಗಾಗ ಒಂದು ಕೇಸು ತೆಗೆದು ತೂಗುವುದನ್ನು ಬಿಡುವಂತಿಲ್ಲ. ಫೋನ್ ಬಂತು, ಯಾರೋ ಕರೆದರು, ಹಿಡಿ ಅರ್ಧಕ್ಕೆ ನಿಂತಿತು ಎಂದಾದರೆ ತಟ್ಟೆಯ ಮೇಲಿರುವ ಕೇಸುಗಳನ್ನೆಲ್ಲ ತೆಗೆದು ಹೊಸದಾಗಿ ಶುರು ಮಾಡಿ. ಅನುಮಾನ ಬಂದ ತೋಟಾವನ್ನು ಪಕ್ಕಕ್ಕಿಟ್ಟು ಗುಂಡು ಬಿಚ್ಚಿ ನೋಡಿ. ರೆಕಾರ್ಡಿಂಗ್ ನೋಡಿ ಸರಿ ಇದೆ ಎಂದು ಡಬ್ಬಿಗೆ ಹಾಕಬೇಡಿ.

ಮದ್ದಿನ ಧೂಳು ಮಸೂರದ ಮೇಲೆ ಕೂರುತ್ತದೆ. ಪ್ರತಿ ಸಲ ಶುರು ಮಾಡುವ ಮೊದಲು ಮೆದು ಬಟ್ಟೆಯಿಂದ ಒರೆಸಿ, ತೂಗಿದ ಕೇಸಿಟ್ಟು ಗೆರೆ ತಾಳೆಯಾಗುತ್ತದೆಯೇ ನೋಡಿ. ಹಳೆಯ ಪ್ರೈಮರ್‌ಗಳ ಮಸಿಯಲ್ಲಿ ಸೀಸ ಇರುವುದರಿಂದ ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ಏನನ್ನೂ ತಿನ್ನಬೇಡಿ, ಮಕ್ಕಳನ್ನು ಎತ್ತಿಕೊಳ್ಳಬೇಡಿ.