ವಿಟಮಿನ್ ಡಿಗೆ ಯುವಿ ದೀಪ: ಸ್ವಿಚ್ ಹಾಕುವ ಮೊದಲು

ಆಟಿ ತಿಂಗಳಲ್ಲಿ ಮಂಗಳೂರಿನಲ್ಲಿ ಬಟ್ಟೆ ಒಣಗುವುದೇ ಕಷ್ಟ, ಮೈಗೆ ಬಿಸಿಲು ಎಲ್ಲಿಂದ ಬರಬೇಕು? ಕಳೆದ ಮಳೆಗಾಲದಲ್ಲಿ ಕದ್ರಿಯ ನಮ್ಮ ಚಿಕ್ಕಮ್ಮ ವಿಟಮಿನ್ ಡಿಗೆಂದು ಆನ್‌ಲೈನ್‌ನಲ್ಲಿ ಯುವಿ ದೀಪ, ಅಂದರೆ ನೇರಳಾತೀತ ಕಿರಣದ ದೀಪ, ತರಿಸಿ, ಹತ್ತು ನಿಮಿಷ ಎದುರು ಕೂತರು. ರಾತ್ರಿ ಕಣ್ಣಿಗೆ ಮರಳು ಹೊಕ್ಕ ಹಾಗೆ ಉರಿ, ಸುಮ್ನೆ ನೀರು ಸುರಿಯುತ್ತಿತ್ತು. ಡಬ್ಬ ತಿರುಗಿಸಿ ನೋಡಿದರೆ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ‘254 ಎನ್‌ಎಂ’ (ನ್ಯಾನೋಮೀಟರ್, ಕಿರಣದ ತರಂಗದ ಅಳತೆ) ಎಂದಿತ್ತು. ಅದು ರೋಗಾಣು ಕೊಲ್ಲುವ ಯುವಿಸಿ ದೀಪ.

ಮೊದಲು ರಕ್ತ ಪರೀಕ್ಷೆ ಮಾಡಿಸಿ. ಲ್ಯಾಬಿನಲ್ಲಿ ‘25 ಹೈಡ್ರಾಕ್ಸಿ ವಿಟಮಿನ್ ಡಿ’ ಎಂದೇ ಕೇಳಿ. ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ. ರಿಪೋರ್ಟ್ ಹಿಡಿದು ಡಾಕ್ಟರ ಹತ್ತಿರ ಹೋಗಿ. ಹೆಚ್ಚಿನವರಿಗೆ ಮಾತ್ರೆ ಸಾಕು, ದೀಪವೇ ಬೇಡ. ಕರುಳು ವಿಟಮಿನ್ ಸರಿಯಾಗಿ ಹೀರದವರಿಗೆ ದೀಪ ಉಪಯೋಗಕ್ಕೆ ಬರಬಹುದು. ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೈಮೇಲೇ ತಿರುಗಿಬೀಳುವ ಕಾಯಿಲೆ) ಇರುವವರು, ಚರ್ಮದ ಕ್ಯಾನ್ಸರ್ ಬಂದವರು ದೂರವಿರಬೇಕು. ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ನುಂಗುತ್ತಿದ್ದರೂ ಚರ್ಮ ಬೇಗ ಸುಡುತ್ತದೆ, ಅದನ್ನು ಡಾಕ್ಟರಿಗೆ ಹೇಳಲೇಬೇಕು.

ದೀಪ ಬೇಕೆಂದೇ ಆದರೆ ತರಂಗದ ಅಳತೆ ನೋಡಿ. ವಿಟಮಿನ್ ಡಿ ತಯಾರಾಗುವುದು ಸುಮಾರು 290ರಿಂದ 315 ನ್ಯಾನೋಮೀಟರಿನ ಯುವಿಬಿ ಕಿರಣದಿಂದ. ಮೈಬಣ್ಣ ಕಂದಿಸುವ ಟ್ಯಾನಿಂಗ್ ಯಂತ್ರಗಳಲ್ಲಿ ಇರುವುದು ಹೆಚ್ಚಾಗಿ ಯುವಿಎ ಎಂಬ ಬೇರೆ ಕಿರಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2009ರಲ್ಲಿ ಈ ಯಂತ್ರಗಳನ್ನು ಕ್ಯಾನ್ಸರ್ ತರುವವುಗಳ ಮೊದಲ ಗುಂಪಿಗೆ ಸೇರಿಸಿದೆ. ದಯವಿಟ್ಟು ಅವುಗಳ ಹತ್ತಿರ ಹೋಗಬೇಡಿ.

ಕೂರುವಾಗ ದೀಪದ ಜೊತೆ ಹೇಳಿರುವ ಯುವಿ ಗಾಗಲ್ ಹಾಕಿ. ಕೂಲಿಂಗ್ ಗ್ಲಾಸ್ ನಂಬಬೇಡಿ. ಅಂತರವನ್ನು ಟೇಪಿನಲ್ಲೇ ಅಳೆಯಿರಿ. ಸ್ವಲ್ಪ ಹತ್ತಿರ ಸರಿದರೂ ಕಿರಣ ಜಾಸ್ತಿ ಬೀಳುತ್ತದೆ. ಮುಖ ಬಿಟ್ಟು ಬೆನ್ನು ಒಡ್ಡಿ, ಡಾಕ್ಟರ್ ಹೇಳಿದಷ್ಟೇ ಹೊತ್ತಿಗೆ ಟೈಮರ್ ಇಡಿ. ಹೆಚ್ಚು ಹೊತ್ತು ಕೂತರೆ ಹೆಚ್ಚು ವಿಟಮಿನ್ ಸಿಗುತ್ತದೆ ಅನ್ನಿಸುತ್ತದೆ, ಅಲ್ವಾ? ಹಾಗಿಲ್ಲ. ಒಂದು ಮಟ್ಟ ದಾಟಿದ ಮೇಲೆ ಅದೇ ಕಿರಣ ಚರ್ಮದಲ್ಲಿ ಆದದ್ದನ್ನು ಕೆಲಸಕ್ಕೆ ಬಾರದ ವಸ್ತುವಾಗಿ ಒಡೆಯುತ್ತದೆ. ಸುಡುವುದು ಮಾತ್ರ ಮುಂದುವರಿಯುತ್ತದೆ. ಮರುದಿನ ಚರ್ಮ ಕೆಂಪಾಗಿದ್ದರೆ ದೀಪ ನಿಲ್ಲಿಸಿ ಡಾಕ್ಟರನ್ನು ಕೇಳಿ.

ಚಿಕ್ಕಮ್ಮ ಈಗ ಡಾಕ್ಟರ್ ಬರೆದ ಮಾತ್ರೆ ತೆಗೆದುಕೊಳ್ಳುತ್ತಾರೆ. ಕಿಟಕಿ ಗಾಜು ಯುವಿಬಿಯನ್ನು ಬಹುಪಾಲು ತಡೆಯುತ್ತದೆ ಎಂದು ಗೊತ್ತಾದ ಮೇಲೆ, ಮಳೆ ಹೊಳವಾದರೆ ಸಾಕು, ಹಪ್ಪಳದ ಚಾಪೆ ಹಿಡಿದು ಅಂಗಳಕ್ಕೇ ಇಳಿಯುತ್ತಾರೆ.